ಇಪ್ಪತ್ತು ಅಂತ ಹಾಕು

ಪರದೆಯ ಕೊಕ್ಕೆ ಎರಡು ಕಳಚಿಕೊಂಡು ಬಟ್ಟೆ ಜೋತುಬಿದ್ದಿದೆ, ಆ ಸಂದಿನಿಂದ ಕಿಟಕಿಯ ಬೆಳಕು ಒಂದು ಕೆನ್ನೆಗೆ ಮಾತ್ರ ಬಿದ್ದಿದೆ, ಮಿಕ್ಕ ಮುಖವೆಲ್ಲ ಹಸಿರು, ಈ ಹಸಿರು ಪರದೆಯ ಒಳಗೆ ಯಾರ ಮುಖದ ಬಣ್ಣವನ್ನೂ ನಂಬುವ ಹಾಗಿಲ್ಲ, ಹಸಿರು ಬೇಡ ಸಾರ್, ಇದರೊಳಗೆ ಮಲಗಿಸಿದ್ರೆ ಬದುಕಿರೋನೂ ಹೋದೋನ ಥರಾನೇ ಕಾಣ್ತಾನೆ ಅಂತ ಆಫೀಸಿಗೆ ಹೋಗಿ ಜಗಳವಾಡಿದವರು ಇವರೇ, ದೊಡ್ಡಕ್ಕ, ಈ ಎಮರ್ಜೆನ್ಸಿ ವಾರ್ಡನ್ನು ಸ್ವಂತ ಅಡುಗೆಮನೆಯಂತೆ ಆಳಿದ ಹೆಡ್ ನರ್ಸು, ರಿಟೈರಾಗಿ ಹೋದ ಮೇಲೂ ದಿನಕ್ಕೊಮ್ಮೆಯಾದರೂ ನಮ್ಮ ಬಾಯಿಗೆ ಬರುವವರು, ಈಗ ಅದೇ ಹಸಿರಿನೊಳಗೆ ಬೆನ್ನಿಗೆ ದಾರ ಕಟ್ಟುವ ಗೌನು ಹಾಕಿಕೊಂಡು ಮಲಗಿದ್ದಾರೆ, ಮೂತ್ರದ ಸೋಂಕು, ಜ್ವರ, ನಿನ್ನೆಯಿಂದ ಚಳಿ ಬಂದು ನಡುಕ, ಆದರೂ ತಮ್ಮನ ಸ್ಕೂಟರಿನ ಹಿಂದೆ ಕೂತು ಬಂದರು, ಗಾಲಿಕುರ್ಚಿ ತಂದವನನ್ನು, ಯಾರಿಗಯ್ಯಾ ಅದು, ನಿನಗಾ ಅಂತ ಕೇಳಿ ವಾಪಸ್ಸು ಕಳಿಸಿದರು, ನಡೆದೇ ಒಳಗೆ ಬಂದರು — ಮತ್ತು ನಾನು ಅವರ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತಿದ್ದೇನೆ, ನಾಡಿ ನೋಡುವವಳಂತೆ, ನಾನು ನೋಡುತ್ತಿರುವುದು ನಾಡಿಯನ್ನಲ್ಲ, ನಾಡಿ, ಬಿ.ಪಿ., ಆಕ್ಸಿಜನ್ನು ಎಲ್ಲವನ್ನೂ ಯಂತ್ರ ಹೇಳುತ್ತದೆ, ಉಸಿರನ್ನು ಮಾತ್ರ ನಮ್ಮಲ್ಲಿ ಕಣ್ಣಲ್ಲೇ ಎಣಿಸಬೇಕು, ಎದೆ ಏರಿ ಇಳಿದರೆ ಒಂದು, ಮತ್ತೆ ಏರಿ ಇಳಿದರೆ ಎರಡು, ಹೀಗೆ ನಿಮಿಷ ಪೂರ್ತಿ, ಆದರೆ ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಯಾರ ಉಸಿರೂ ತನ್ನ ಪಾಡಿಗೆ ತಾನಿರುವುದಿಲ್ಲ, ಫೋಟೋಗೆ ನಿಂತ ಮಕ್ಕಳ ಹಾಗೆ ನೆಟ್ಟಗಾಗಿಬಿಡುತ್ತದೆ, ಅದಕ್ಕೇ ಕೈ ಹಿಡ್ಕೊ, ನಾಡಿ ನೋಡೋ ನಾಟಕ ಮಾಡು, ಮುಖ ಗಡಿಯಾರದ ಕಡೆ ಇರ್ಲಿ, ಓರೆಗಣ್ಣಲ್ಲಿ ಹೊಟ್ಟೆ ನೋಡು — ಹೀಗಂತ ನನಗೆ ಕಲಿಸಿದವರೂ ಇವರೇ, ನಾನು ಹೊಸದಾಗಿ ಸೇರಿದ ವಾರ, ಇದೇ ಕಂಬದ ಪಕ್ಕ, ಈಗ ಕಣ್ಣು ಮುಚ್ಚಿಕೊಂಡೇ ನಗುತ್ತಾರೆ, ನಾನು ಕಲ್ಸಿದ ಆಟಾನ ನನ್ನ ಹತ್ರಾನೇ ಆಡ್ತೀಯೇನೇ ಮೂಗಿ, ಅನ್ನುತ್ತಾರೆ, ಮತ್ತು ಅಂದ ಕೂಡಲೇ ಅವರ ಉಸಿರು ಮಗ್ಗದ ಮೇಲಿನ ನೂಲಿನ ಹಾಗೆ ಒಂದೇ ಸಮ ಆಗುತ್ತದೆ, ಒಳಗೆ, ಹೊರಗೆ, ಒಳಗೆ, ಇಷ್ಟು ಅಚ್ಚುಕಟ್ಟಾದ ಉಸಿರನ್ನು ನಾನು ನಿರೋಗಿಗಳಲ್ಲೂ ನೋಡಿಲ್ಲ.

ಮೂಗಿ ಅಂತ ನನ್ನನ್ನು ಕರೆಯುವವರು ಇವರೊಬ್ಬರೇ, ಮಾತಾಡದವಳು ಅಂತ, ಮಾತಾಡದಿದ್ರೆ ಒಳ್ಳೇದು ಕಣೇ, ರೋಗಿ ಸದ್ದು ಕೇಳ್ಸತ್ತೆ ಅನ್ನುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತ ಬೆಳೆದವಳು, ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಕಾವ್ಯ ಓದುತ್ತಿದ್ದರು, ನನಗೆ ಅರ್ಥ ಒಂದಾಣೆ ಆಗುತ್ತಿತ್ತೋ ಇಲ್ಲವೋ, ಉಸಿರು ಮಾತ್ರ ಪೂರ್ತಿ ಕೇಳುತ್ತಿತ್ತು, ಸಾಲು ಮುಗಿಯುವ ತನಕ ಉಸಿರು ಸಾಲಿನದು, ಮುಗಿದ ಮೇಲೆ ಅಪ್ಪನದು, ಆ ಸಣ್ಣ ಎಳೆತ ಕೇಳಿದರೆ ದೇವರು ಪಕ್ಕದ ಕೋಣೆಯಲ್ಲೇ ಇದ್ದಾನೆ ಅನಿಸುತ್ತಿತ್ತು, ಕೊನೆಯ ವರ್ಷ ಅಮ್ಮ ಒಲೆಯ ಮುಂದಿನಿಂದಲೇ, ನಿಮ್ಮಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೇ, ಸಾಲು ಮಧ್ಯಕ್ಕೆ ಮುರೀತಿದೆ ಅಂದಳು, ಅವಳಿಗೆ ಅಕ್ಷರ ಬಾರದು, ಸಾಲು ಎಲ್ಲಿ ಮುರಿಯಬಾರದು ಅನ್ನುವುದು ಗೊತ್ತಿತ್ತು — ಈಗ ಯಾಕೆ ಅಪ್ಪನ ನೆನಪು, ಕೈಯಲ್ಲಿ ದೊಡ್ಡಕ್ಕನ ಮಣಿಕಟ್ಟಿದೆ, ಸುಡುತ್ತಿದೆ, ಚರ್ಮ ಕಾಗದದಷ್ಟು ಒಣಗಿದೆ, ಎಷ್ಟು ಹಾಕಲಿ ದೊಡ್ಡಕ್ಕ ಅಂತ ನಾನೇ ಕೇಳಿಬಿಟ್ಟೆನಲ್ಲ, ಹಳೇ ಅಭ್ಯಾಸ, ಏನು ಬರೆಯುವುದಿದ್ದರೂ ಅವರನ್ನು ಕೇಳಿ ಬರೆಯುವುದು, ಇಪ್ಪತ್ತು ಅಂತ ಹಾಕು ಅಂದರು, ಹಾಕಿದೆ, ಕಂಪ್ಯೂಟರಿನ ಪರದೆ ಹಳದಿಯಲ್ಲೇ ಉಳಿಯಿತು, ಒಟ್ಟು ನಾಲ್ಕು, ನಮ್ಮ ಲೆಕ್ಕ ಇಷ್ಟೇ, ಉಸಿರು, ನಾಡಿ, ಜ್ವರ, ಬಿ.ಪಿ., ಆಕ್ಸಿಜನ್ನು, ಬುದ್ಧಿಯ ಎಚ್ಚರ, ಒಂದೊಂದಕ್ಕೂ ಅಂಕ, ಕೂಡಿ ಐದಾದರೆ ಡಾಕ್ಟರು ಬೇರೆಲ್ಲ ಬಿಟ್ಟು ಬರಬೇಕು, ಏಳಾದರೆ ಕೆಂಪು, ಮೇಲಿನ ಐಸಿಯುನಿಂದ ತಂಡವೇ ಓಡಿ ಬರಬೇಕು, ನಾಲ್ಕಾದರೆ ಗಂಟೆ ಬಿಟ್ಟು ಮತ್ತೆ ನೋಡು, ಮುಗೀತು, ದೊಡ್ಡಕ್ಕನದು ನಾಡಿ ಜ್ವರ ಬಿ.ಪಿ.ಗಳಲ್ಲೇ ನಾಲ್ಕು ತುಂಬಿದೆ, ಉಸಿರು ಇಪ್ಪತ್ತರ ಒಳಗಿದ್ದರೆ ಸೊನ್ನೆ, ದಾಟಿದರೆ ಎರಡು, ಇನ್ನೂ ದಾಟಿದರೆ ಮೂರು, ಅಂದರೆ ಎಲ್ಲವೂ ಈಗ ಈ ಎದೆಯ ಮೇಲೆ ನಿಂತಿದೆ, ಮತ್ತು ಈ ಎದೆಯ ಒಡತಿಗೆ ಅದು ನನಗಿಂತ ಚೆನ್ನಾಗಿ ಗೊತ್ತು, ಮೇಲಕ್ಕೆ ಕಳಿಸ್ಬೇಡ ಕಣೇ, ಎರಡು ಬಾಟ್ಲಿ ಡ್ರಿಪ್ಪು, ಒಂದು ಇಂಜೆಕ್ಷನ್ನು, ಸಂಜೆಗೆ ಮನೆಗೆ ಹೋಗ್ತೀನಿ, ಅಂದಾಗ ಅವರ ದನಿಯಲ್ಲಿ ಏನೋ ಇತ್ತು, ಅದು ಗತ್ತು ಅಂದುಕೊಂಡೆ, ಗತ್ತಲ್ಲ, ಎಷ್ಟು ಜನರನ್ನು ಆ ಲಿಫ್ಟಿನಲ್ಲಿ ಮೇಲಕ್ಕೆ ಬಿಟ್ಟು ಬಂದಿದ್ದಾರೆ ಅವರು, ಎಷ್ಟು ಜನರ ಚಪ್ಪಲಿಗಳನ್ನು ಇದೇ ಮಂಚದ ಅಡಿಯಿಂದ ತೆಗೆದು ಮನೆಯವರ ಕೈಗೆ ಕೊಟ್ಟಿದ್ದಾರೆ, ಹೆದರಿಕೆ ಅದು, ಕೈಯೊಳಗೆ ಹಿಡಿದ ಗುಬ್ಬಚ್ಚಿಯಂಥ ಹೆದರಿಕೆ, ನಾನು ಆ ದನಿಯನ್ನು ಮುಂಚೆ ಅವರ ಬಾಯಲ್ಲಿ ಕೇಳಿರಲಿಲ್ಲ, ಅದಕ್ಕೇ ಗುರುತು ಸಿಗಲಿಲ್ಲ.

ಸಿಸ್ಟರ್, ಉಸಿರು ಇಪ್ಪತ್ತು ಅಂತಿದೆ, ನೀವೇ ಎಣಿಸಿದ್ರಾ — ಹೊಸ ಡಾಕ್ಟರು, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕೆಟ್ಟು, ಒಳ್ಳೆಯ ಹುಡುಗ, ಕೇಳಬೇಕಾದ್ದನ್ನೇ ಕೇಳಿದರು, ಹೌದು ಸಾರ್ ಅಂದೆ, ಬಾಯಿಂದ ಹೊರಟೇಹೋಯಿತು, ಇಲ್ಲ ಸಾರ್ ಅನ್ನುವುದಕ್ಕೂ ಎರಡೇ ಪದ, ಹಾಗಾದ್ರೆ ರಕ್ತ ಕಳ್ಸಿ, ಆಂಟಿಬಯಾಟಿಕ್ ಶುರು ಮಾಡಿ, ಡ್ರಿಪ್ಪು ಸ್ವಲ್ಪ ಜೋರಾಗಿ ಬಿಡಿ, ಇನ್ನೊಂದು ಗಂಟೆಗೆ ಬರ್ತೀನಿ ಅನ್ನುತ್ತಿದ್ದಂತೆ ಹೊರಗೆ ಗಲಾಟೆ, ಏಣಿಯಿಂದ ಬಿದ್ದ ಪೇಂಟರನ್ನು ನಾಲ್ಕು ಜನ ಎತ್ತಿಕೊಂಡು ಬಂದರು, ರೆಪ್ಪೆಯ ಮೇಲೆಲ್ಲ ಬಿಳಿ ಬಣ್ಣ, ಕಾಲು ತಿರುಚಿದೆ, ಅಯ್ಯೋ ಎರಡನೇ ಕೋಟು ಬಾಕಿ ಇದೆ ಸಿಸ್ಟರ್ ಅಂತ ಅವನ ಅಳು, ಡಾಕ್ಟರು ಅತ್ತ ಓಡಿದರು, ನಾನು ಡ್ರಿಪ್ಪು ಹಚ್ಚಿದೆ, ಇಂಜೆಕ್ಷನ್ನು ಕೊಟ್ಟೆ, ಮನಸ್ಸಿನೊಳಗೆ ಒಂದು ಉಪಾಯ ಮಾಡಿಕೊಂಡೆ, ಜಾಣತನ ಅಂದುಕೊಂಡೆ ಅದನ್ನು, ಅವರಿಗೆ ನಿದ್ದೆ ಹತ್ತಲಿ, ನಿದ್ದೆಯಲ್ಲಿ ಯಾರೂ ಉಸಿರನ್ನು ಹತೋಟಿಯಲ್ಲಿ ಇಡಲಾರರು, ಆಗ ಎಣಿಸುತ್ತೇನೆ, ಎದುರಾಡದೆ, ಮಾತು ಮೀರದೆ, ಅವರ ಮನಸ್ಸಿಗೂ ನೋವಾಗದೆ ನಿಜ ಗೊತ್ತಾಗುತ್ತದೆ — ಆ ನಿದ್ದೆಗೆ ಕಾಯುತ್ತ ಪೇಂಟರನ ಪ್ಯಾಂಟು ಕತ್ತರಿಸಿದೆ, ಮಗುವೊಂದಕ್ಕೆ ಜ್ವರದ ಔಷಧಿ ಕುಡಿಸಿದೆ, ಅದು ನನ್ನ ಮೇಲೇ ಉಗುಳಿತು, ರೇಡಿಯೋ ನಗುತ್ತಾಳೆ, ರೇಡಿಯೋ ಅಂದರೆ ನನ್ನ ಜೊತೆ ಡ್ಯೂಟಿಯವಳು, ಬಾಯಿ ಆರಿಸುವ ಗುಂಡಿ ದೇವರು ಇಡಲಿಲ್ಲ, ದೊಡ್ಡಕ್ಕಂಗೆ ಎಷ್ಟು ಬಂತೇ ಅಂದಳು, ನಾಲ್ಕು ಅಂದೆ, ಅಷ್ಟೇನಾ, ಇಷ್ಟು ವರ್ಷ ಇಲ್ಲಿ ದುಡಿದೋರು ಫಸ್ಟ್ ಕ್ಲಾಸಲ್ಲೇ ಬರ್ತಾರೆ ಅಂದ್ಕೊಂಡಿದ್ದೆ ಅಂದಳು, ಥೂ ಬಿಡ್ತು ಅನ್ನೇ ಅಂದೆ, ಬಿಡ್ತು ಬಿಡ್ತು ಅಂತ ಅವಳು ಕೆನ್ನೆ ತಟ್ಟಿಕೊಂಡಳು, ಇಬ್ಬರೂ ನಕ್ಕೆವು.

ಬಾಗಿಲ ಹೊರಗಿನ ಬೆಂಚಿನಲ್ಲಿ ತಮ್ಮ, ಅವರ ತಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಉಗುರಿನ ಸಂದಿಯ ಮಸಿ ಇನ್ನೂ ಪೂರ್ತಿ ಹೋಗಿಲ್ಲ, ತೊಡೆಯ ಮೇಲೆ ಎರಡು ಹೆಲ್ಮೆಟ್ಟು ಮಗುವಿನಂತೆ ಇಟ್ಟುಕೊಂಡು ಕೂತಿದ್ದಾರೆ, ಎಷ್ಟು ಮಾರ್ಕು ತಾಯಿ ನಮ್ಮಕ್ಕಂಗೆ, ನಾಲ್ಕು, ನಾಲ್ಕೇನಾ, ಗಾಬರಿಯಾದರು, ಕಮ್ಮಿ ಇದ್ದಷ್ಟೂ ಒಳ್ಳೇದು ಅಂದೆ, ಹಂಗಾದ್ರೆ ಸ್ಕೂಲಲ್ಲಿ ನಾನು ಭಾರೀ ಆರೋಗ್ಯವಾಗಿದ್ದೆ ಬಿಡಿ ಅಂದರು, ಅವರೊಂದಿಗೆ ನಾನೂ ನಕ್ಕೆ, ಆಮೇಲೆ ತಗ್ಗಿದ ದನಿಯಲ್ಲಿ, ಈಗಷ್ಟೇ ನೋಡ್ಕೊಂಡು ಬಂದೆ, ಮಲಗಿರೋ ಕಡೆಯಿಂದಾನೇ ಆರ್ಡರ್ರು, ಮೂರನೇ ಬೆಡ್ಡಿನ ಡ್ರಿಪ್ಪು ಮುಗೀತು, ಯಾರೂ ನೋಡಲ್ವಾ, ಕರೀರಿ ಅವಳನ್ನ ಅಂತ, ರಿಟೈರಾದ್ರೂ ರೌಂಡ್ಸು ಬಿಟ್ಟಿಲ್ಲ ನೋಡಿ, ಮನೇಲಿ ನನ್ನ ಹೆಂಡ್ತಿ ಮಾಡೋ ಅಡುಗೆಗೂ ಅಕ್ಕ ಹಿಂಗೇ ರೌಂಡ್ಸು ಬರ್ತಾಳೆ, ಹೌದು ಸಾರ್, ಅದು ಅವರ ಸ್ವಭಾವ ಅಂತ ನಾನು ಇನ್ನೂ ನಗುತ್ತಲೇ ಪರದೆಯತ್ತ ನಡೆದೆ, ನನಗೂ ಹಾಗೇ ಕೂಗಿದ್ದರಲ್ಲ ಸ್ವಲ್ಪ ಹೊತ್ತಿನ ಮುಂಚೆ, ಮೂರನೇ ಬೆಡ್ಡು, ಅಂದು ನಿಂತರು, ಡ್ರಿಪ್ಪು, ಅಂದು ನಿಂತರು, ಮುಗೀತು ನೋಡು, ನಾನು ಪೇಂಟರನ ಕಾಲಿಗೆ ದಬ್ಬೆ ಕಟ್ಟುತ್ತ, ಆಯ್ತು ದೊಡ್ಡಕ್ಕ ಅಂದಿದ್ದೆ, ಎಂದಿನ ಹಾಗೆ, ತಲೆಯೆತ್ತದೆ, ಮೂರನೇ ಬೆಡ್ಡು — ಹೆಜ್ಜೆ ನಿಂತಿತು — ಮೂರನೇ ಬೆಡ್ಡು ಎಲ್ಲಿದೆ, ಆ ಜಾಗದಲ್ಲಿ ಈಗ ಕಂಪ್ಯೂಟರಿನ ಮೇಜು, ಬೆಡ್ಡು ತೆಗೆಸಿ ಮೇಜು ಹಾಕಿಸಿದವರೇ ದೊಡ್ಡಕ್ಕ, ಬೇರೆ ಯಾವ ಮುದುಕಿ ಹೀಗೆ ಇಲ್ಲದ ಮಂಚದ ಮಾತಾಡಿದ್ದರೂ ನಾನು ಆ ಕ್ಷಣಕ್ಕೆ ಓಡುತ್ತಿದ್ದೆ, ಬುದ್ಧಿ ಕದಡಿದರೆ ಅದೊಂದಕ್ಕೇ ಮೂರು ಅಂಕ, ಒಂದು ಸಲ ತಡವರಿಸಿದರೂ ಸಾಕು, ಆದರೆ ಇವರ ಕದಡು ಇವರ ಹುಕುಮಿನ ಬಟ್ಟೆ ಹಾಕಿಕೊಂಡು ಬಂದಿತ್ತು, ಮನೆಯವರು ನಕ್ಕರು, ವಾರ್ಡು ನಕ್ಕಿತು, ನಾನು ಆಯ್ತು ಅಂದೆ, ಮತ್ತು ಆ ಸಾಲು, ಒಂದೇ ಉಸಿರಿನಲ್ಲಿ ಹತ್ತು ಕೆಲಸ ಹೇಳುತ್ತಿದ್ದ ಬಾಯಿ ಮೂರು ಮಾತಿಗೆ ಎರಡು ಕಡೆ ನಿಂತಿತಲ್ಲ, ಸಾಲು ಮುರಿಯಿತಲ್ಲ, ಒಲೆಯ ಮುಂದೆ ಕೂತ ಅಮ್ಮನಿಗೆ ಕೇಳಿಸಿದ್ದು ಮಗ್ಗುಲಲ್ಲೇ ನಿಂತ ನನಗೆ ಕೇಳಿಸಲಿಲ್ಲವೆ, ಕೇಳಿಸಿತ್ತು, ದೇವರೇ, ಕೇಳಿಸಿತ್ತು, ಕೇಳಿಸಿದ್ದನ್ನು ಪಕ್ಕಕ್ಕೆ ಇಟ್ಟು ಅವರಿಗೆ ನಿದ್ದೆ ಬರಲಿ ಎಂದು ಕಾಯುತ್ತಿದ್ದೆ.

ಪರದೆ ಸರಿಸಿದೆ, ನಿದ್ದೆ ಬಂದಿತ್ತು, ನಾನು ಕಾದಿದ್ದ ನಿದ್ದೆ, ಬಾಯಿ ಅರೆತೆರೆದಿದೆ, ಕುತ್ತಿಗೆಯ ನರ ಒಂದೊಂದು ಉಸಿರಿಗೂ ಹಗ್ಗದಂತೆ ಎದ್ದು ಬೀಳುತ್ತಿದೆ, ಹೊಟ್ಟೆ ಒಳಕ್ಕೆ, ಎದೆ ಮೇಲಕ್ಕೆ, ಎಣಿಸಲು ಶುರುಮಾಡಿದೆ, ಅರ್ಧ ನಿಮಿಷಕ್ಕೇ ಇಪ್ಪತ್ತಕ್ಕೆ ಹತ್ತಿರ, ಕೂಡಿಸುವುದೇನು ಬಂತು, ಮಣಿಕಟ್ಟು ಹಿಡಿದೆ, ಮೊದಲು ಸುಡುತ್ತಿದ್ದ ಕೈ ಈಗ ತಣ್ಣಗೆ, ಅಂಗೈಯಲ್ಲಿ ಬೆವರು, ದೊಡ್ಡಕ್ಕ, ದೊಡ್ಡಕ್ಕ ಅಂದೆ, ಭುಜ ಅಲುಗಿಸಿದೆ, ಕಣ್ಣು ಬಿಟ್ಟರು, ನನ್ನನ್ನು ನೋಡಿದರು, ಎಷ್ಟು ಕರುಣೆಯಿಂದ ನೋಡಿದರು, ನನ್ನ ಕೈಯೊಳಗಿಂದ ಅವರ ಕೈ ಹೊರಳಿತು, ನನ್ನ ಮಣಿಕಟ್ಟನ್ನು ಹಿಡಿಯಿತು, ಮೂರು ಬೆರಳು, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಇಷ್ಟೂ ತಪ್ಪದೆ, ನಾಡಿಯ ಮೇಲೆ ಕೂತವು, ಮುಖ ಗೋಡೆಯ ಗಡಿಯಾರದತ್ತ ತಿರುಗಿತು, ತುಟಿ ಅಲುಗಿದವು, ಎಣಿಸುತ್ತಿದ್ದಾರೆ, ಏನಿಲ್ಲ, ತಾಯಿ, ಅಂದರು, ಹೆದರ್ಕೋಬೇಡಿ, ಡಾಕ್ಟ್ರು, ಬರ್ತಾರೆ, ನಿಮ್ ಜೊತೆ, ಯಾರ್ ಬಂದಿದಾರೆ — ಮೂಗಿ ಅನ್ನಲಿಲ್ಲ, ಅವರ ಕಣ್ಣಿಗೆ ನಾನು ಯಾರೋ ಮಂಚದ ಮೇಲೆ ಮಲಗಿದ ಹೆಂಗಸು, ಅವರು ಡ್ಯೂಟಿಯಲ್ಲಿದ್ದಾರೆ, ನನ್ನ ಇನ್ನೊಂದು ಕೈ ತಲೆದಿಂಬಿನ ಹಿಂದಿನ ಕೆಂಪು ಗುಂಡಿಯನ್ನು ಹುಡುಕಿ ಒತ್ತಿತು, ಗಂಟೆ ಹೊಡೆಯತೊಡಗಿತು, ರೇಡಿಯೋ ಬಂದಳು, ಆಕ್ಸಿಜನ್ನು ಹಾಕೇ, ಬಿ.ಪಿ. ನೋಡೇ, ಬಿ.ಪಿ. ಇಲ್ಲ ಕಣೇ ಸಿಗ್ತಿಲ್ಲ, ಮತ್ತೆ ಹಾಕು, ಮೇಲಿನ ತಂಡ ಮೆಟ್ಟಿಲಿಳಿದು ಬರುವ ಬೂಟಿನ ಸದ್ದು, ಹೊಸ ಡಾಕ್ಟರು ಪೇಂಟರನ ರಕ್ತದ ಕೈಗವಸು ಕಿತ್ತೆಸೆಯುತ್ತ, ಏನಾಯ್ತು, ಈಗ ತಾನೇ ಚೆನ್ನಾಗಿದ್ರಲ್ಲ, ಮಂಚದ ತಲೆ ಇಳಿಸಿ, ಆ ಕೈಗೂ ಒಂದು ಡ್ರಿಪ್ಪಿನ ಲೈನು ಬೇಕು, ಸಿಸ್ಟರ್ ಕೈ ಬಿಡಿ, ಸಿಸ್ಟರ್, ಕೈ ಬಿಡಿ, ನಾನು ಎಲ್ಲಿ ಹಿಡಿದಿದ್ದೇನೆ ಸಾರ್, ಅವರು ಹಿಡಿದಿದ್ದಾರೆ, ಎಣಿಸಿ ಮುಗಿಸಿಲ್ಲ ಅವರು, ಕಣ್ಣು ಗಡಿಯಾರದ ಮೇಲೇ ಇದೆ, ಬಿಡಿಸಿದೆ, ನಾನೇ ಬಿಡಿಸಿದೆ, ಒಂದು ಬೆರಳು, ಇನ್ನೊಂದು, ಮೂರನೆಯದು ಬಿಡಲಿಲ್ಲ, ಉಗುರು ಊರಿತ್ತು, ಎಳೆದೆ.

ಲಿಫ್ಟಿನ ಬಾಗಿಲು ಮುಚ್ಚಿತು, ಬಾಯಲ್ಲಿ ನಳಿಕೆ, ಇನ್ನು ಅವರ ಉಸಿರನ್ನು ಯಾರೂ ಎಣಿಸಬೇಕಾಗಿಲ್ಲ, ಯಂತ್ರಕ್ಕೆ ಎಷ್ಟು ಹೇಳಿದರೆ ಅಷ್ಟು, ಅವರು ಹೆದರಿದ್ದು ಇದಕ್ಕೇ, ನಾನು ಒಂದು ಗಂಟೆ ಮುಂಚೆ ಕೆಂಪು ಮಾಡಿದ್ದರೆ ಬಹುಶಃ ಇದು ಬೇಕಾಗುತ್ತಲೇ ಇರಲಿಲ್ಲ, ಆಗ ಸ್ವಲ್ಪ ಔಷಧಿ, ಸ್ವಲ್ಪ ಡ್ರಿಪ್ಪು, ಎಚ್ಚರವಾಗೇ ಮೇಲೆ ಹೋಗಿ, ಎಚ್ಚರವಾಗೇ ನನ್ನನ್ನು ಬೈದುಕೊಂಡು ಇಳಿದು ಬರುತ್ತಿದ್ದರು, ಬಹುಶಃ, ಯಾರಿಗೆ ಗೊತ್ತು, ಕೈ ತೊಳೆಯುವಲ್ಲಿ ಹೊಸ ಡಾಕ್ಟರು ಪಕ್ಕಕ್ಕೆ ಬಂದು ನಿಂತರು, ನಲ್ಲಿ ಬಿಟ್ಟರು, ಆ ಇಪ್ಪತ್ತು, ಅಂದರು, ಎಣಿಸಿರಲಿಲ್ಲ ಸಾರ್ ಅಂದೆ, ಅವರು ಹೇಳಿದ್ರು, ಹಾಕ್ದೆ, ನೀರು ಹರಿಯುತ್ತಿತ್ತು, ಬೈಯಲಿ ಅಂತ ಕಾದೆ, ಬೈದರೆ ನಿಲ್ಲುವುದಕ್ಕೆ ನೆಲ ಸಿಗುತ್ತದೆ, ಅವರು ಬೈಯಲಿಲ್ಲ, ಕೇಸ್ ಶೀಟಿನಲ್ಲಿ ಹಾಗೇ ಬರೀಬೇಕಾಗತ್ತೆ ಸಿಸ್ಟರ್ ಅಂದರು, ಬರೀರಿ ಸಾರ್ ಅಂದೆ, ನಾನೂ ಪರದೆ ಒಳಗೆ ಒಂದು ನಿಮಿಷ ನಿಲ್ಲಲಿಲ್ಲ, ಅದನ್ನೂ ಬರೀತೀನಿ ಅಂದು ಟವೆಲು ಹುಡುಕುತ್ತ ಹೋದರು, ಹೊರಗೆ ಬೆಂಚಿನಲ್ಲಿ ತಮ್ಮ ಎದ್ದು ನಿಂತರು, ಎರಡೂ ಹೆಲ್ಮೆಟ್ಟು ಎದೆಗೆ ಅವಚಿಕೊಂಡು, ನಾಲ್ಕೇ ಅಂದಿದ್ರಲ್ಲ ತಾಯಿ, ಸಿಟ್ಟಿಲ್ಲ ದನಿಯಲ್ಲಿ, ಲೆಕ್ಕ ತಿಳಿಯದ ಮಗುವಿನ ದನಿ, ನಾನು ತಪ್ಪು ಹಾಕಿದೆ ಸಾರ್, ಉಸಿರು ಎಣಿಸದೆ ಅವರು ಹೇಳಿದ ಸಂಖ್ಯೆ ಹಾಕಿದೆ, ಅಂದೆ, ಪೂರ್ತಿ ಅಂದೆ, ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ತಲೆಯಾಡಿಸಿದರು, ಅವಳು ಹೇಳಿದ್ದನ್ನ ಕೇಳದೇ ಇರೋಕೆ ಯಾರ ಕೈಲಿ ಆಗತ್ತೆ ಬಿಡಿ, ನಮ್ಮಪ್ಪನ ಕೈಲೂ ಆಗ್ಲಿಲ್ಲ — ಬೇಡ, ಹಾಗನ್ನಬೇಡಿ, ಹಾಗೆ ಮಾತ್ರ ಅನ್ನಬೇಡಿ, ಒಳಗೆ ಫೋನು ಹೊಡೆಯಿತು, ಮೇಲಿನ ವಾರ್ಡಿನ ಫೋನಿಗೆ ಬೇರೆ ದನಿ ಇಲ್ಲ, ಆದರೂ ಗೊತ್ತಾಗುತ್ತದೆ, ರೇಡಿಯೋ ಎತ್ತಿಕೊಂಡಳು, ಹೂಂ ಅಂದಳು, ಇನ್ನೊಂದು ಸಲ ಹೂಂ ಅಂದಳು, ಇಟ್ಟಳು, ಗಾಜಿನಾಚೆಯಿಂದ ನನ್ನನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದಳು, ನನ್ನ ಮುಂದೆ ತಮ್ಮ ಇನ್ನೂ ಅಪ್ಪನ ಕಥೆ ಹೇಳುತ್ತಿದ್ದಾರೆ, ಅವರಿಗೆ ಗಾಜಿನತ್ತ ಬೆನ್ನಿದೆ, ಈ ಕಥೆ ಮುಗಿಯುವ ತನಕ ಅವರಿಗೊಬ್ಬಳು ಅಕ್ಕ ಇದ್ದಾಳೆ, ನಾನು ಕಥೆ ಪೂರ್ತಿ ಕೇಳಿದೆ, ಆಮೇಲೆ ಹೇಳಿದೆ.

ಹಾಸಿಗೆ ಬದಲಾಯಿತು, ಹೊಸ ಚಾದರ, ಹೊಸಬರು ಬಂದು ಮಲಗಿದ್ದಾರೆ, ಬಸ್ಸು ಹತ್ತುವಾಗ ಎದೆ ಹಿಡಿಯಿತಂತೆ, ಯಾರದೋ ಯಜಮಾನರು, ಅವರ ಹೆಂಡತಿ ಕಾಲ ಬಳಿ ನಿಂತು ನನ್ನ ಮುಖದಲ್ಲಿ ಏನೋ ಓದಲು ನೋಡುತ್ತಿದ್ದಾರೆ, ಏನಿಲ್ಲ ಅಲ್ವಾ ಸಿಸ್ಟರ್, ಅಂತಿದ್ದಾರೆ, ಏನಿಲ್ಲ ಅನ್ನುವ ಮಾತು ನಾಲಿಗೆಯ ತನಕ ಬಂದು ನಿಂತಿದೆ, ನೋಡ್ತೀನಮ್ಮ ಅಂದೆ, ಪೂರ್ತಿ ಒಂದು ನಿಮಿಷ, ಈ ಸಲ ಯಾರು ಏನಂದರೂ ಪೂರ್ತಿ ಒಂದು ನಿಮಿಷ, ಕೈ ಹಿಡಿದೆ, ಗಡಿಯಾರ ನೋಡಿದೆ, ಓರೆಗಣ್ಣಲ್ಲಿ ಹೊಟ್ಟೆ, ಒಂದು, ಎರಡು, ಮೂರು — ಮೂರು ಬೆರಳು, ನನ್ನ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಇಲ್ಲ, ಮೊದಲಿಂದ, ಒಂದು, ಎರಡು, ಉಗುರು ಊರಿದ ಜಾಗ ಕೆಂಪಗಿದೆ, ನಾಲ್ಕೋ ಐದೋ ತಪ್ಪಿತು, ಮೊದಲಿಂದ, ಒಂದು, ಮುಖ ಗಡಿಯಾರದತ್ತ, ತುಟಿ ಅಲುಗುತ್ತಿವೆ, ಎಣಿಸುತ್ತಿದ್ದಾರೆ, ನಾನು ಬಿಡಿಸಿದೆನಲ್ಲ, ಒಂದೊಂದಾಗಿ ಬಿಡಿಸಿದೆನಲ್ಲ, ಮೊದಲಿಂದ, ಒಂದು, ಮೂರು ಬೆರಳು, ತಣ್ಣಗೆ, ಒಂದು, ಮೂರು ಬೆರಳು